ನಿರುಪಮಾ ಕೆಲಸ ಮಾಡುವುದಿಲ್ಲ

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ, ಹೊರದೇಶದ ಕೆಲಸ ಕೊಡಿಸುವ ಏಜೆನ್ಸಿಗೆ ನಿರುಪಮಾ ಆ ಶನಿವಾರ ಹೋದದ್ದು, ಕೆಲಸ ಸಿಕ್ಕ ಹಾಗೆಯೇ ಎಂಬ ಧೈರ್ಯದಲ್ಲಿ. ಯೂರೋಪಿನ ಹಳೆಯ ಬಟ್ಟೆ ರಾಶಿ ಬೀಳುವ ಮಿತುಂಬಾ ಮಾರುಕಟ್ಟೆಯಲ್ಲಿ ಒಂದು ದಪ್ಪ ಕೋಟನ್ನೂ ಆರಿಸಿಟ್ಟು, ಬಂದು ಒಯ್ಯುತ್ತೇನೆ ಎಂದು ಹೇಳಿದ್ದಳು. ಏಜೆನ್ಸಿಯ ಮ್ವೆಂಡೆ ಎಂಬ ಹುಡುಗಿ ಅವಳನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಮೆತ್ತಗೆ ವಿಷಯ ಹೇಳಿದಳು.

"ಮೇಡಂ, ನೀವು ಕೊಟ್ಟ ನಂಬರಿಗೆ ಫೋನ್ ಮಾಡಿದ್ದೆ. ನೀವು ಅಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಅಂತ ಆ ಹಿರಿಯರು ಹೇಳಿದರು. ಅವರಿಗೆ ಸಿಟ್ಟೂ ಬಂದ ಹಾಗಿತ್ತು."

ನಿರುಪಮಾಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು.

ಕೆಲಸ ಇದ್ದದ್ದು ಜಾರ್ಜಿಯಾ ದೇಶದ ಬೆಟ್ಟದ ಮೇಲಿನ ಒಂದು ಸ್ಕೀ ರೆಸಾರ್ಟಿನ ಅಡುಗೆಮನೆಯಲ್ಲಿ. ಹಿಮ ಬೀಳುವ ಡಿಸೆಂಬರಿನಿಂದ ಹಿಮ ಕರಗುವ ಮಾರ್ಚಿನವರೆಗೆ ಅಷ್ಟೇ. ಅಡುಗೆಮನೆ ಸಜ್ಜು ಮಾಡಲು ನವೆಂಬರ್ ನಡುವಿಗೇ ಅಲ್ಲಿರಬೇಕು. ಅಲ್ಲಿಗೆ ಈಚೆಗೆ ಬಸ್ಸುಗಟ್ಟಲೆ ಇಂಡಿಯಾದವರು ಬರುತ್ತಾರಂತೆ. ಹಗಲೆಲ್ಲ ಹಿಮದಲ್ಲಿ ಜಾರಿ ಬಿದ್ದು ಎದ್ದ ಮೇಲೆ ಅವರಿಗೆ ಬಿಸಿ ಅನ್ನ, ಸಾರು ಬೇಕಂತೆ. ನೂರಾರು ಜನಕ್ಕೆ ಸಸ್ಯಾಹಾರ ಬೇಯಿಸಿ ರೂಢಿಯಿದ್ದವರು ಬೇಕೆಂದು ರೆಸಾರ್ಟಿನವರು ಕೇಳಿದ್ದರು. ವಿಡಿಯೋ ಕಾಲಿನಲ್ಲಿ ಅಲ್ಲಿನ ಮುಖ್ಯ ಬಾಣಸಿಗ ಅವಳ ಜೊತೆ ಮಾತಾಡಿ ಖುಷಿಯಾಗಿದ್ದ. ಇನ್ನು ಉಳಿದಿದ್ದದ್ದು ಒಂದೇ, ಈ ಹೆಂಗಸು ನಮಗಾಗಿ ಅಡುಗೆ ಕೆಲಸ ಮಾಡಿದ್ದಾಳೆ ಎಂದು ಗೊತ್ತಿರುವವರೊಬ್ಬರು ಬಾಯಿಬಿಟ್ಟು ಹೇಳಬೇಕಿತ್ತು.

ಮದುವೆಗೆ ಮುಂಚೆ ಬೆಂಗಳೂರಿನ ಒಂದು ಕಾರ್ಖಾನೆಯ ಕ್ಯಾಂಟೀನನ್ನು ನಿರುಪಮಾ ನೋಡಿಕೊಳ್ಳುತ್ತಿದ್ದಳು. ಆ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ, ಹೇಳುವವರು ಯಾರೂ ಉಳಿದಿಲ್ಲ. ಗಂಡ ಶ್ರೀನಿವಾಸನ ಟೆಲಿಕಾಂ ಕಂಪನಿ ಅವನನ್ನು ನೈರೋಬಿಗೆ ಕಳಿಸಿದಾಗ ಅವಳೂ ಬಂದಳು. ಬಂದವಳ ಪಾಸ್‌ಪೋರ್ಟಿಗೆ ಡಿಪೆಂಡೆಂಟ್ ಪಾಸ್, ಅಂದರೆ ಗಂಡನ ಅವಲಂಬಿತೆ, ಎಂದು ಮುದ್ರೆ ಬಿತ್ತು. ಆ ಪಾಸಿನ ಮೇಲೆ ಬಂದವರು ಇಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಬಿಟ್ಟಿ ದುಡಿಯಬಹುದು, ಅದಕ್ಕೆ ಯಾವ ಸರ್ಕಾರವೂ ಅಡ್ಡಿ ಮಾಡುವುದಿಲ್ಲ.

ಬಿಟ್ಟಿ ದುಡಿಯುವುದಕ್ಕೆ ಜಾಗ ಸಿಕ್ಕಿದ್ದು ನೈರೋಬಿಯ ಕನ್ನಡ ಬಳಗದಲ್ಲಿ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಯಾವುದೇ ಇರಲಿ, ಮುನ್ನೂರು ಜನದ ಊಟಕ್ಕೆ ನಿರುಪಮಾ ನಿಲ್ಲಬೇಕು. ಹಿಂದಿನ ದಿನವೇ ಪಾರ್ಕ್‌ಲ್ಯಾಂಡ್ಸ್‌ನ ಅಂಗಡಿಗಳಿಂದ ಬೇಳೆ, ಹುಣಸೆಹಣ್ಣು ಹೊರಿಸಿ ತರುತ್ತಿದ್ದಳು. ಬಾಡಿಗೆ ಹಾಲಿನ ಹಿಂದುಗಡೆ, ಹಿಡಿಯೇ ಇಲ್ಲದ ದೊಡ್ಡ ಸುಫುರಿಯಾ ಪಾತ್ರೆಗಳಲ್ಲಿ ಬಿಸಿಬೇಳೆಭಾತು ಕುದಿಸಿ, ಬಟ್ಟೆ ಸುತ್ತಿಕೊಂಡ ಕೈಯಲ್ಲಿ ಇಳಿಸುತ್ತಿದ್ದಳು. ಮಿಕ್ಕ ಹೆಂಗಸರು ತರಕಾರಿ ಹೆಚ್ಚಿಕೊಟ್ಟು, ಕಾರ್ಯಕ್ರಮದ ಹೊತ್ತಿಗೆ ಸೀರೆ ಬದಲಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಇವಳು ಒಲೆ ಬಿಟ್ಟು ಕದಲುವ ಹಾಗಿರಲಿಲ್ಲ. ಹಾಗೆ ಎಂಟು ವರ್ಷ.

ಇನ್ನೊಂದು ವಿಷಯ ಕೇಳಿ. ಹೋದ ವರ್ಷದ ರಾಜ್ಯೋತ್ಸವದಲ್ಲಿ ಅಡುಗೆಯ ಉಸ್ತುವಾರಿಗೆ ಸನ್ಮಾನ ಎಂದು ಮೈಕಿನಲ್ಲಿ ಕೂಗಿ, ವೇದಿಕೆಗೆ ಕರೆದದ್ದು ಶ್ರೀನಿವಾಸ್ ದಂಪತಿಯನ್ನು. ದಂಪತಿಯಲ್ಲಿ ಒಬ್ಬಳು ಹಿಂದೆ ಹಪ್ಪಳ ಕರಿಯುತ್ತಿದ್ದಳು. ಇನ್ನೊಬ್ಬ ಹೋಗಿ ಮೈಸೂರು ಪೇಟ ತೊಡಿಸಿಕೊಂಡು, ಶಾಲು ಹೊದ್ದು, ಫೋಟೋಕ್ಕೆ ನಕ್ಕ. ಒಲೆಯ ಮೇಲೆ ಹಾಲಿಟ್ಟರೆ ಉಕ್ಕಿಸಿಯೇ ತೀರುವ ಮನುಷ್ಯ ಅವನು. ಆ ಶಾಲು ಈಗಲೂ ಅವರ ಕಿಲಿಮಾನಿ ಮನೆಯ ಬೀರುವಿನಲ್ಲಿದೆ, ಅವನ ಬಟ್ಟೆಗಳ ಕಡೆ.

ಆದ್ದರಿಂದಲೇ ನಿರುಪಮಾ ಬಳಗದ ಅಧ್ಯಕ್ಷ ದ್ವಾರಕಾನಾಥರ ಫೋನ್ ನಂಬರನ್ನು ಏಜೆನ್ಸಿಗೆ ಕೊಟ್ಟಿದ್ದಳು. ಒಂದು ಫೋನ್ ಬರುತ್ತೆ ಸರ್, ನನ್ನ ಬಗ್ಗೆ ಎರಡು ಒಳ್ಳೇ ಮಾತು ಹೇಳಿ ಎಂದು ಮುಂಚೆಯೇ ಕೇಳಿಕೊಂಡೂ ಇದ್ದಳು.

"ಇವತ್ತು ಸಂಜೆ ಹೆಸರು ಕಳಿಸಬೇಕು," ಎಂದಳು ಮ್ವೆಂಡೆ. "ಅಷ್ಟರಲ್ಲಿ ಅವರು ಇನ್ನೊಂದು ಸಲ ಮಾತಾಡಿದರೆ ನಿಮ್ಮದನ್ನೇ ಕಳಿಸುತ್ತೇನೆ. ಇಲ್ಲದಿದ್ದರೆ ನನ್ನ ಕೈಯಲ್ಲೇನಿಲ್ಲ. ನಾನು ಕಾಯುತ್ತಿರುತ್ತೇನೆ."

ಅಂದು ಮಧ್ಯಾಹ್ನ ರುಂಡಾದಲ್ಲಿದ್ದ ದ್ವಾರಕಾನಾಥರ ಮನೆಯಲ್ಲಿ ರಾಜ್ಯೋತ್ಸವದ ಸಭೆ ಹೇಗೂ ಇತ್ತು. ನಿರುಪಮಾ ಟ್ಯಾಕ್ಸಿ ಹಿಡಿದು ನೆಟ್ಟಗೆ ಅಲ್ಲಿಗೇ ಹೋದಳು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮಟಾಟು ವ್ಯಾನುಗಳ ಮಧ್ಯೆ ಸಿಕ್ಕಿಕೊಂಡು ಕೂತಷ್ಟು ಹೊತ್ತೂ ಅವಳ ಸಿಟ್ಟು ಇಳಿಯುವ ಬದಲು ಏರಿತು.

ವರಾಂಡದಲ್ಲಿ ದ್ವಾರಕಾನಾಥರೂ ಕಾರ್ಯದರ್ಶಿ ರಾಜೀವನೂ ಕೂತಿದ್ದರು. ದ್ವಾರಕಾನಾಥರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಎಲ್ಲರನ್ನೂ ಬಾಯ್ತುಂಬ ಮಾತಾಡಿಸುವವರು.

"ಬಾಮ್ಮ ನಿರುಪಮಾ. ಈ ಸಲ ನವೆಂಬರ್ ಕೊನೇ ಭಾನುವಾರ ಹಾಲ್ ಸಿಕ್ಕಿದೆ. ಹೋಳಿಗೆ ಮಾಡೋಣ ಅಂತ ರಾಜೀವ್ ಹೇಳ್ತಿದಾನೆ."

ಹೋಳಿಗೆ ಮಾಡೋಣ. ಮುನ್ನೂರು ಜನಕ್ಕೆ ಹೋಳಿಗೆ ತಟ್ಟುವ ಆ 'ಮಾಡೋಣ'ದೊಳಗೆ ರಾಜೀವನ ಕೈ ಎಲ್ಲಿರುತ್ತದೆ, ದ್ವಾರಕಾನಾಥರ ಕೈ ಎಲ್ಲಿರುತ್ತದೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ನಿರುಪಮಾ ಕೂರಲಿಲ್ಲ. "ಸರ್, ಏಜೆನ್ಸಿಯಿಂದ ನಿಮಗೆ ಫೋನ್ ಬಂದಿತ್ತಾ?"

"ಬಂದಿತ್ತಮ್ಮ. ಎರಡು ಒಳ್ಳೇ ಮಾತು ಹೇಳಿ ಅಂದಿದ್ದೆಯಲ್ಲ, ನಾಲ್ಕು ಹೇಳಿದೆ. ಆ ಹುಡುಗಿ ನೋಡು, ನಿರುಪಮಾ ನಿಮ್ಮಲ್ಲಿ ಅಡುಗೆ ಕೆಲಸ ಮಾಡ್ತಿದ್ರಾ ಅಂತ ಕೇಳಿದ್ಲು. ನಂಗೆ ತಡೆಯೋಕೇ ಆಗ್ಲಿಲ್ಲ. ಅವಳು ನಮ್ಮನೆ ಮಗಳ ಥರ, ಅವಳ ಗಂಡ ದೊಡ್ಡ ಪೊಸಿಷನ್‌ನಲ್ಲಿದಾನೆ, ಅವಳು ಯಾವತ್ತೂ ಎಲ್ಲೂ ಕೆಲಸ ಮಾಡಿದವಳಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ."

ಅವರ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿಯಿತ್ತು. ಅದನ್ನೇ ನಿರುಪಮಾಗೆ ಸಹಿಸಲಾಗಲಿಲ್ಲ. ಬೇಕೆಂತಲೇ ಕೆಡಿಸಿದ್ದರೆ ಜಗಳವಾಡಬಹುದಿತ್ತು. ಇವರು ಅವಳ ಮರ್ಯಾದೆ ಕಾಪಾಡಲು ಹೋಗಿ ಅವಳ ಎಂಟು ವರ್ಷವನ್ನೇ ಇಲ್ಲವೆನಿಸಿಬಿಟ್ಟಿದ್ದರು.

"ಆ ಕೆಲಸ ನಂಗೆ ಬೇಕು ಸರ್. ನೀವು ಹಾಗಂದಿದ್ದಕ್ಕೆ ಅದು ಕೈತಪ್ಪಿ ಹೋಗ್ತಾ ಇದೆ."

"ನಿಂಗೇನು ಕಡಿಮೆಯಾಗಿದೆಯಮ್ಮ? ಆ ಚಳೀಲಿ ಹೋಗಿ ಯಾರಿಗೋ ಬೇಯಿಸಿ ಹಾಕೋ ಕರ್ಮ ಯಾಕೆ?"

"ಇಲ್ಲಿ ಬೇಯಿಸಿ ಹಾಕಿದ್ದು ಏನು ಸರ್?"

"ಅದು ಸೇವೆ ಮೇಡಂ," ಎಂದು ರಾಜೀವ ನಡುವೆ ಬಾಯಿ ಹಾಕಿದ. "ಸೇವೆಗೆ ಯಾರಾದ್ರೂ ಎಕ್ಸ್‌ಪೀರಿಯನ್ಸ್ ಅಂತ ಕೇಳ್ತಾರಾ? ನಾನೂ ವರ್ಷಾ ವರ್ಷಾ ನಿರೂಪಣೆ ಮಾಡ್ತೀನಿ."

"ನೀವು ಮಾಡೋದು ಎಲ್ರಿಗೂ ಕಾಣುತ್ತೆ ರಾಜೀವ್. ನಿಮ್ಮ ಹೆಸರಲ್ಲೇ ಕಾಣುತ್ತೆ."

ಇಷ್ಟು ಹೇಳಿ ಅವಳು ಮ್ವೆಂಡೆಗೆ ಫೋನ್ ಮಾಡಿದಳು. ಅಧ್ಯಕ್ಷರು ಇಲ್ಲೇ ಇದ್ದಾರೆ, ನೀವೇ ಕೇಳಿ ಎಂದು ಸ್ಪೀಕರ್ ಹಾಕಿ ದ್ವಾರಕಾನಾಥರ ಎದುರಿಗೆ ಹಿಡಿದಳು.

"ಸರ್, ಮತ್ತೆ ತೊಂದರೆ ಕೊಡುತ್ತಿದ್ದೇನೆ," ಎಂದಳು ಮ್ವೆಂಡೆ. "ನಿರುಪಮಾ ನಿಮ್ಮ ಸಂಸ್ಥೆಗೆ ಅಡುಗೆ ಮಾಡಿದ್ದಾರೋ ಇಲ್ಲವೋ?"

"ನೋಡಿ, ಆಕೆ ಪ್ರೀತಿಯಿಂದ, ಮನೆಯವರ ಹಾಗೆ..."

"ಪ್ರೀತಿ ಇರಲಿ ಸರ್. ಎಷ್ಟು ಜನಕ್ಕೆ ಅಡುಗೆಯಾಗುತ್ತದೆ?"

"ಮುನ್ನೂರು. ಎಲ್ಲ ಹೆಂಗಸರೂ ಸೇರಿ ಮಾಡುತ್ತಾರೆ."

"ಊಟ ತಡವಾದರೆ ಯಾರನ್ನು ಕೇಳುತ್ತೀರಿ? ರುಚಿ ಕೆಟ್ಟರೆ ಯಾರನ್ನು ಅನ್ನುತ್ತೀರಿ?"

ದ್ವಾರಕಾನಾಥರು ನಿರುಪಮಾಳನ್ನು ನೋಡಿದರು. ಗಣೇಶನ ಹಬ್ಬದಲ್ಲಿ ಪಾಯಸ ತಳ ಹಿಡಿದಾಗ ಅಡುಗೆಮನೆಯ ಬಾಗಿಲಿಗೆ ಬಂದು ಅವರು ಅವಳನ್ನು ಅಂದ ಮಾತು ಅವರಿಗೂ ನೆನಪಾಗಿರಬೇಕು. ಬೇರೆ ಯಾರನ್ನೂ ಅಂದಿರಲಿಲ್ಲ. ರಾಜೀವ ತೋಟದ ಕಡೆ ಮುಖ ತಿರುಗಿಸಿಕೊಂಡ.

ಕಾಫಿ ತಂದು ಬಾಗಿಲಲ್ಲೇ ನಿಂತಿದ್ದವರು ಸುಮತಿ, ದ್ವಾರಕಾನಾಥರ ಹೆಂಡತಿ. ಸಭೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ.

"ಏನ್ರೀ ಯೋಚನೆ ಮಾಡ್ತೀರ, ನಿರುಪಮಾನ ಅಂತ ಹೇಳಿ," ಎಂದರು. "ಎಂಟು ವರ್ಷದಿಂದ ಕೆಲಸ ಮಾಡಿದಾಳೆ ಅನ್ನಿ. ಪಕ್ಕದಲ್ಲಿ ಕೂತು ಹೆಚ್ಚಿಕೊಟ್ಟಿದೀನಿ ನಾನು. ಮನೆಗೆ ಬಂದ ಮೇಲೆ ಎರಡು ದಿನ ನನ್ನ ಸೊಂಟ ಹಿಡ್ಕೊಂಡಿರುತ್ತೆ. ಅವಳದು ಹೇಗಿರುತ್ತೆ ಅಂತ ನೀವು ಯಾವತ್ತಾದ್ರೂ ಕೇಳಿದೀರಾ?"

ಕಾಫಿಯನ್ನು ಟೀಪಾಯಿಯ ಮೇಲೆ ಕುಕ್ಕಿ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತರು. ಸಭೆಯಲ್ಲಿ ಅವರು ಕೂತದ್ದೂ ಅದೇ ಮೊದಲು.

ದ್ವಾರಕಾನಾಥರು ಗಂಟಲು ಸರಿಮಾಡಿಕೊಂಡರು. "ಹೌದು," ಎಂದರು ಇಂಗ್ಲಿಷಿನಲ್ಲಿ. "ಆಕೆ ನಮ್ಮಲ್ಲಿ ಎಂಟು ವರ್ಷ ಕೆಲಸ ಮಾಡಿದ್ದಾರೆ. ಅಡುಗೆಯ ಪೂರ್ತಿ ಜವಾಬ್ದಾರಿ ಅವರದೇ."

"ಅಸಾಂಟೆ ಸರ್, ಬಹಳ ಥ್ಯಾಂಕ್ಸ್. ಕೊನೆಯ ಪ್ರಶ್ನೆ. ಅವಕಾಶ ಸಿಕ್ಕರೆ ಇವರನ್ನು ಮತ್ತೆ ಕೆಲಸಕ್ಕೆ ಕರೆಯುತ್ತೀರಾ?"

ಕಷ್ಟದ ಮಾತು ಮುಗಿಯಿತೆಂದು ದ್ವಾರಕಾನಾಥರ ಮುಖ ಅರಳಿತು. "ಕರೆಯದೆ ಇರುತ್ತೇವೆಯೇ? ಮುಂದಿನ ತಿಂಗಳೇ ನಮ್ಮ ರಾಜ್ಯೋತ್ಸವ ಇದೆ. ಈ ಸಲ ಮುನ್ನೂರು ಜನಕ್ಕೆ ಹೋಳಿಗೆ."

ನಿರುಪಮಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಮ್ವೆಂಡೆ, ನನ್ನ ಹೆಸರು ಕಳಿಸಿ," ಎಂದಳು. ಆಮೇಲೆ ದ್ವಾರಕಾನಾಥರಿಗೆ ಹೇಳಿದಳು, "ಮುಂದಿನ ತಿಂಗಳು ನಾನು ಇರಲ್ಲ ಸರ್. ಕೆಲಸಕ್ಕೆ ಹೋಗಿರ್ತೀನಿ."