ಬಾನೆಟ್ಟಿನ ಮುಂದೆ ಕಣ್ಣು ಮುಚ್ಚುವ ಫಕ್ರುದ್ದೀನ

ಮುಂಬಯಿಯಲ್ಲಿ ಸಯನ್ ದಾಟಿ ಧಾರಾವಿಗೆ ತಿರುಗುವ ಮೂಲೆಯಲ್ಲಿ ಆಳಂದದ ಫಕ್ರುದ್ದೀನನ ಗ್ಯಾರೇಜು. ತಗಡಿನ ಮಾಡು, ಎರಡು ಕಾರು ನಿಲ್ಲುವಷ್ಟು ಜಾಗ, ಅಷ್ಟೇ. ಹೆಸರು ಮಾತ್ರ ಫೋರ್ಟಿನ ಹೋಟೆಲುಗಳ ಗಲ್ಲಾದವರೆಗೂ ಹಬ್ಬಿತ್ತು. ಸ್ಟಾರ್ಟ್ ಮಾಡಿದೊಡನೆ ಕಾರು ನಾರುತ್ತದೆ ಎಂದರೆ ನಮ್ಮ ಕಡೆಯವರೆಲ್ಲ ಬೆರಳು ತೋರಿಸುತ್ತಿದ್ದುದು ಇವನ ಕಡೆಗೇ.

ಅವನ ಕೆಲಸಕ್ಕೊಂದು ಕಟ್ಟಳೆ. ಗಾಡಿಯನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸಬೇಕು. ಇಂಜಿನ್ ಪೂರಾ ತಣ್ಣಗಾಗಬೇಕು. ಬೆಳಿಗ್ಗೆ ಮಾಲೀಕ ಚಾವಿ ತಿರುಗಿಸುವಾಗ ಫಕ್ರುದ್ದೀನ ಬಾನೆಟ್ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೆಲ್ಲದ ಪಾಕದಂಥ ಸಿಹಿ ಬಂದರೆ ಇಂಜಿನ್ ತಣಿಸುವ ಕೂಲಂಟ್ ಸೋರುತ್ತಿದೆ. ರಬ್ಬರು ಸುಟ್ಟಂತಾದರೆ ಬೆಲ್ಟು ಜಾರುತ್ತಿದೆ. ಕೊಳೆತ ಮೊಟ್ಟೆಯಾದರೆ ಬ್ಯಾಟರಿ ನೋಡಬೇಕು. ಒದ್ದೆ ಕಾಲುಚೀಲದ ಮುಗ್ಗು ನಾತವಾದರೆ ಏಸಿಯ ಜಾಳಿಗೆ ತೊಳೆಯಬೇಕು. ತೀರ್ಪು ಹೇಳಿದ ಮೇಲೆ ಒಂದು ಬೀಡಿ ಹಚ್ಚುವುದು ಅವನ ಶೋಕಿ. ಮಾಲೀಕರು ಇಂಥ ವಾಸನೆ ಎಂದು ಬಾಯಿ ತೆರೆದರೆ ಅಲ್ಲೇ ಮುಚ್ಚಿಸುತ್ತಿದ್ದ.

"ನೀವು ಹೇಳಬ್ಯಾಡ್ರಿ, ನಾ ಹೇಳ್ತೀನಿ. ನಂದೇನು ಚಷ್ಮಾ ಇಡಲಾಕ ಇಟ್ಟ ಮೂಗೇನು?"

ದೊಡ್ಡ ಜಡ್ಡು ಊರನ್ನೆಲ್ಲ ಮನೆಯೊಳಗೆ ಕೂಡಿಹಾಕಿದ ವರ್ಷ ಫಕ್ರುದ್ದೀನನೂ ಹಾಸಿಗೆ ಹಿಡಿದ. ಅವನು ಎದ್ದ, ಮೂಗು ಏಳಲಿಲ್ಲ. ಬೇರೆಯವರಿಗೆ ಮರಳಿದ ವಾಸನೆ ಇವನಿಗೆ ಮರಳಲೇ ಇಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಕರಕಾದರೂ ಪಕ್ಕದಲ್ಲೇ ಕೂತು ಗಡ್ಡ ಬಾಚಿಕೊಳ್ಳುತ್ತಿದ್ದ ಗಂಡನನ್ನು ಕಂಡು ಹೆಂಡತಿ ಗುಲಶನಳಿಗೆ ಗುಟ್ಟು ತಿಳಿಯಿತು.

"ಮಂದಿಗಿ ಹೇಳಿಬಿಡು," ಎಂದಳು.

"ಏನಂತ ಹೇಳ್ಲಿ? ಹಲ್ಲು ಬಿದ್ದ ಹುಲಿ ಅದ, ನೋಡ್ಲಾಕ ಬರ್ರಿ ಅಂತನಾ?"

ಕೊನೆಗೆ ಗಂಡಹೆಂಡತಿ ಒಂದು ಉಪಾಯ ಮಾಡಿದರು. ಗಾಡಿ ಸ್ಟಾರ್ಟ್ ಆಗುವ ಹೊತ್ತಿಗೆ ಗುಲಶನ ಚಾದ ಕೆಟಲಿ ಹಿಡಿದು ಬರುವಳು. "ಸಕ್ಕರಿ ಜಾಸ್ತಿ ಆಗ್ಯದ" ಎಂದರೆ ಕೂಲಂಟ್. "ಚಾ ತಳ ಹತ್ತ್ಯದ" ಎಂದರೆ ಬೆಲ್ಟು. "ಸ್ಟೋವ್ ಮ್ಯಾಲ ಕುದಿಸೀನಿ" ಎಂದರೆ ಪೆಟ್ರೋಲು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡು, ತಲೆದೂಗಿ, ತೀರ್ಪು ಕೊಡುವನು. ಜನ ಹೊಗಳಿ ಹೋಗುವರು. ಆ ಹೊಗಳಿಕೆ ಅವನಿಗೆ ಕದ್ದ ಊಟದಂತೆ ಅನಿಸುತ್ತಿತ್ತು.

ಈ ವರ್ಷ ಮಗಳ ಬಾಣಂತನಕ್ಕೆ ಗುಲಶನ ಆಳಂದಕ್ಕೆ ಹೋದಳು. ಹೋಗುವಾಗ ಹೇಳಿದ್ದಳು: "ನಾ ಬರೋತನಕ ವಾಸನಿ ಗಾಡಿ ಹಿಡೀಬ್ಯಾಡ."

ಹಿಡಿಯಬಾರದೆಂದೇ ಇದ್ದ. ಅಷ್ಟರಲ್ಲಿ ಫೋರ್ಟಿನಲ್ಲಿ ಕ್ಯಾಂಟೀನ್ ನಡೆಸುವ ಉಡುಪಿಯ ವಿನೋದಿನಿ ತಮ್ಮ ಹಳೇ ಕಾರು ತಂದು ನಿಲ್ಲಿಸಿದರು. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಹೂಂ ಎಂದ.

ಬೆಳಿಗ್ಗೆ ವಿನೋದಿನಿ ಚಾವಿ ತಿರುಗಿಸಿದರು. "ಈಗ ಬಂತು ನೋಡಿ ಭಾಯ್. ಸ್ಟಾರ್ಟ್ ಮಾಡುವಾಗ ಮಾತ್ರ, ಆಮೇಲೆ ಇಲ್ಲ. ಇದು ಎಂತ ಅಂದ್ರೆ..."

"ಹೇಳಬ್ಯಾಡ್ರಿ ಅಕ್ಕಾರ!" ನಾಲಿಗೆಗೆ ಹಳೇ ರೂಢಿ. ಆಡಿದ ಮೇಲೆ ತುಟಿ ಕಚ್ಚಿಕೊಂಡ.

ಕಣ್ಣು ಮುಚ್ಚಿದ. ಎಳೆದ. ಬರಿ ಗಾಳಿ. ಕೆಟಲಿಯ ಸದ್ದೂ ಇಲ್ಲ.

"ಏಸಿ ಜಾಳಿಗಿ," ಎಂದ. "ಹೊಲಸ ಕೂತದ. ತೊಳದ್ರ ಆತು."

ವಿನೋದಿನಿ ಹುಬ್ಬು ಗಂಟಿಕ್ಕಿದರು. ಅವನು ಗೆದ್ದವನ ಗತ್ತಿನಲ್ಲಿ ಬೀಡಿ ತುಟಿಗಿಟ್ಟು, ತೆರೆದ ಬಾನೆಟ್ಟಿನ ಮುಂದೆಯೇ ಕಡ್ಡಿಪೆಟ್ಟಿಗೆ ತೆಗೆದ.

ಕಡ್ಡಿ ಗೀರುವ ಮೊದಲೇ ವಿನೋದಿನಿ ಇಳಿದು ಬಂದು ಅವನ ಕೈಗೆ ಬಾರಿಸಿದರು. ಪೆಟ್ಟಿಗೆ ಚರಂಡಿಗೆ ಬಿತ್ತು.

"ಪೆಟ್ರೋಲ್ ವಾಸನೆ ಮಾರಾಯ್ರೆ! ತಲೆ ಸುತ್ತುವಷ್ಟು ಬರ್ತಾ ಉಂಟು! ಮೂಗು ಇಲ್ವಾ ನಿಮ್ಗೆ?"

ಪಕ್ಕದ ಪಂಕ್ಚರ್ ಅಂಗಡಿಯ ಅಣವೀರಪ್ಪ ಮೂಗಿಗೆ ಟವೆಲ್ ಹಿಡಿದುಕೊಂಡೇ ಕೂಗಿದ: "ಫಕ್ರು, ಚಷ್ಮಾ ತರ್ಲೇನಲೇ? ಇಡ್ಲಾಕ ಜಾಗಾ ಖಾಲಿ ಅದ!"

ಸುತ್ತಲಿದ್ದವರು ನಕ್ಕರು. ಫಕ್ರುದ್ದೀನನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇಂಜಿನ್ ಆರಿಸಿ ಬಾನೆಟ್ಟಿನೊಳಗೆ ಕೈಯಾಡಿಸಿದ. ಪೆಟ್ರೋಲ್ ಪೈಪು ಬಿರಿದಿತ್ತು. ತಣ್ಣಗಿದ್ದಾಗ ಒಸರಿ, ಬಿಸಿಯಾದರೆ ಉಬ್ಬಿ ಮುಚ್ಚಿಕೊಳ್ಳುತ್ತಿತ್ತು. ಬೆರಳು ಒದ್ದೆಯಾದವು. ಮೂಗಿಗೆ ಹಿಡಿದು ನೋಡಿದ. ನೀರಿನ ಹಾಗೆಯೇ.

ಹೊಸ ಪೈಪು ಹಾಕಿ ಪಟ್ಟಿ ಬಿಗಿದ. ಗಾಡಿ ಮರುದಿನದವರೆಗೂ ನಿಂತಿತು. ಬೆಳಿಗ್ಗೆ ಚಾವಿ ತಿರುಗಿದಾಗ ಕಣ್ಣು ಮುಚ್ಚಲಿಲ್ಲ. ನೆಲ ನೋಡುತ್ತ ಕೇಳಿದ:

"ಅಕ್ಕಾರ, ಈಗ... ಬರ್ತದೇನ್ರಿ?"

"ಇಲ್ಲ." ವಿನೋದಿನಿ ಇಂಜಿನ್ ಆರಿಸಿದರು. "ಮತ್ತೆ ಹೋದ ವರ್ಷ ನಮ್ಮ ಕ್ಯಾಂಟೀನಿನ ತಿಲಕನ ಗಾಡಿದು ವಾಸನೆ ನಿಮ್ಗೆ ಹೇಗೆ ಗೊತ್ತಾಯ್ತು ಭಾಯ್?"

ಅವನು ಕೆಟಲಿ ಇಡುವ ಖಾಲಿ ಸ್ಟೂಲಿನ ಕಡೆ ನೋಡಿದ. "ನಮ್ಮಕಿ ಹೇಳ್ತಿದ್ಲು," ಎಂದ.

ಗುಲಶನ ಊರಿಂದ ಬಂದ ಮೊದಲ ಬೆಳಿಗ್ಗೆ, ಯಾರದೋ ಗಾಡಿ ಸ್ಟಾರ್ಟ್ ಆದಾಗ, ಎಂದಿನಂತೆ ಕೆಟಲಿ ಇಟ್ಟು ಹೇಳಿದಳು: "ಸಕ್ಕರಿ ಜಾಸ್ತಿ ಆಗ್ಯದ."

"ಚಾದ ಮಾತು ಬಿಡು. ಮುಂದ ಬಂದು ನಿಂತು ಹೇಳು."

ಅವಳು ಗಂಡನ ಮುಖ ನೋಡಿ, ಸೆರಗು ಸರಿಮಾಡಿಕೊಂಡು, ಬಾನೆಟ್ಟಿನ ಮುಂದೆ ನಿಂತಳು. "ಸಿಹಿ ವಾಸನಿ. ಕೂಲಂಟ್ ಸೋರ್ಲಕತ್ತದ," ಎಂದಳು. ಗಾಡಿಯವನು ಅವಳನ್ನೂ ಅವನನ್ನೂ ಮಿಕಿಮಿಕಿ ನೋಡಿದ.

ಫಕ್ರುದ್ದೀನ ಪಾನಾ ಹಿಡಿದು ಗಾಡಿಯ ಕೆಳಗೆ ನುಸುಳಿದ. ಪೈಪಿನ ಪಟ್ಟಿ ಬಿಗಿಯುವುದು ಎರಡೇ ನಿಮಿಷದಲ್ಲಿ ಮುಗಿಯಿತು. ಆದರೂ ಬಹಳ ಹೊತ್ತು ಹೊರಗೆ ಬರಲಿಲ್ಲ.