ಕೃಷ್ಣನಿಗೆ ಬಾರದ ನೋಟೀಸು

ಮೊಮ್ಮಗಳು ಇಂದು ವಾಕ್ ಸ್ವಾತಂತ್ರ್ಯದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನನಗೆ ನಾವುಂದ ಊರಿನ ನಮ್ಮ ಅಪ್ಪಯ್ಯ ನೆನಪಾದರು.

ಅಪ್ಪಯ್ಯ, ವೇಷ ಕುಣಿತವಿಲ್ಲದೆ ಕೂತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು, ಅಂದರೆ ಪಾತ್ರದ ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುತ್ತಿದ್ದರು. ಒಂದು ಮಧ್ಯಾಹ್ನ ಕೃಷ್ಣನ ಪಾತ್ರದ ಮಾತಾಡಲು ಕೂತವರು, ಕೌರವನನ್ನು ಬೈಯುವ ಭರದಲ್ಲಿ ಕೇಳಲು ಎದುರಿಗೆ ಕೂತಿದ್ದ, ಊರಿನ ಜಮೀನುದಾರರಾದ ಒಡೆಯರ ಹೆಸರೆತ್ತಿದರು. ಶಾಲೆಗೆ ಹೋಗುವ ಕಾಲುದಾರಿಗೆ ಒಡೆಯರು ಬೇಲಿ ಹಾಕಿದ್ದನ್ನು ಹೇಳಿದರು. ಅಷ್ಟಕ್ಕೇ ನಿಲ್ಲದೆ, ದೇವಸ್ಥಾನದ ದೀಪ ಕದ್ದವರೂ ಅವರೇ ಎಂದುಬಿಟ್ಟರು. ವಾರದೊಳಗೆ ಮಾನನಷ್ಟದ ನೋಟೀಸು ಬಂತು. ಅಂದು ಅಮ್ಮ ಒಲೆ ಹಚ್ಚಲಿಲ್ಲ.

ನನ್ನನ್ನೂ ಕರೆದುಕೊಂಡು ಅಪ್ಪಯ್ಯ ಕುಂದಾಪುರದ ವಕೀಲರಲ್ಲಿಗೆ ಹೋದರು.

"ಹೇಳಿದ್ದ್ ನಾನಲ್ಲ, ಕೃಷ್ಣ," ಎಂದರು ಅಪ್ಪಯ್ಯ.

"ಹಾಂಗಾರೆ ಕೃಷ್ಣನ ವಿಳಾಸ ಕೊಡಿ, ನೋಟೀಸ್ ಅಲ್ಲಿಗೇ ಕಳ್ಸುವ," ಎಂದು ವಕೀಲರು ನಕ್ಕರು. ಆಮೇಲೆ ಮೆತ್ತಗೆ ಕೇಳಿದರು: "ದೀಪ ಕದ್ದದ್ದ್ ಕಂಡವ್ರ್ ಇದ್ರಾ?"

"ಇಲ್ಲ."

"ಬೇಲಿ?"

"ಇಡೀ ಊರೇ ಕಂಡಿತ್."

"ಬೇಲಿ ವಿಷಯ ಎಲ್ಲಿ ಬೇಕಾರೂ ಹೇಳಿ. ಸಂವಿಧಾನ ನಿಮ್ಗೆ ಆ ಹಕ್ಕ್ ಕೊಟ್ಟಿತ್. ಸಾಕ್ಷಿ ಇಲ್ದೆ ಒಬ್ರ ಮಾನ ತೆಗೂಕೆ ಮಾತ್ರ ಬಿಡುದಿಲ್ಲ."

ಮುಂದಿನ ತಾಳಮದ್ದಳೆಯಲ್ಲಿ ಅಪ್ಪಯ್ಯ ಎದ್ದು ನಿಂತು ಕೈಮುಗಿದರು. "ಕಳ್ಳ ಅಂದದ್ದ್ ನನ್ನ ತಪ್ಪ್, ಒಡೇರೆ. ಬೇಲಿ ಹಾಕಿದ್ದ್ ನಿಮ್ಮ ತಪ್ಪ್."

ಒಡೆಯರು ಎದ್ದು ಹೋದರು. ಕೇಸು ಹಾಕಲಿಲ್ಲ.

"ಅಜ್ಜಿ, ಬೇಲಿ ತೆಗೆದ್ರಾ?" ಎಂದು ಮೊಮ್ಮಗಳು ಕೇಳಿದಳು.

ತೆಗೆಯಲಿಲ್ಲ. ಶಾಲೆ ಮುಗಿಯುವವರೆಗೂ ನಾನು ಗದ್ದೆ ಸುತ್ತಿಯೇ ಹೋದೆ. ಅಪ್ಪಯ್ಯ ಮಾತ್ರ ಪ್ರತಿ ಸಲ ಅರ್ಥ ಹೇಳಲು ಕೂರುವ ಮೊದಲು, ಕೃಷ್ಣನದಲ್ಲ, ತಮ್ಮದೇ ಹೆಸರು ಹೇಳಿ, ಆ ದಾರಿ ಬಿಟ್ಟುಕೊಡಿ ಎಂದು ಕೇಳುತ್ತಲೇ ಇದ್ದರು.