ಮೇಲಿನ ಮನೆಗೂ ಕೇಳಿಸಿದ ಅಳು

ಗೆಳೆಯರೇ, ಲಿಂಗಂಪಲ್ಲಿಯ ನಮ್ಮ ಮನೆಗೆ ಇವತ್ತು ಬೆಳಿಗ್ಗೆ ಮೊದಲ ದೂರು ಬಂತು. ಮೇಲಿನ ಮನೆಯ ಮೈಸೂರು ಹುಡುಗ, ಕಂಪನಿಯ ರಾತ್ರಿ ಪಾಳಿ ಮುಗಿಸಿ ಬಂದವನು, ಕಣ್ಣುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದ.

"ಮೇಡಂ, ಈಗ ತಾನೇ ಮಲಗಿದ್ದೆ. ಪಾಪು ಅಳು ಮೇಲಿನವರೆಗೂ ಕೇಳಿಸ್ತಿದೆ."

ನನ್ನ ಹಿಂದಿನಿಂದ ಅತ್ತೆ ನುಗ್ಗಿ ಬಂದರು. "ಖರೇನ ಕೇಳಿಸ್ತೇನೋ ತಮ್ಮಾ? ಮ್ಯಾಲಿನ ತನಕ?"

ಅವನಿಗೇನು ಗೊತ್ತು? ಹುಟ್ಟಿದಾಗಿನಿಂದ ನನ್ನ ಮಗಳು ನೀರಿನಡಿ ಇದ್ದಂತೆ ಮಲಗಿಯೇ ಇದ್ದಳು. ಪಕ್ಕದ ಸ್ಟೇಷನ್ನಿನಲ್ಲಿ ರೈಲು ಕೂಗಿದರೂ ಎಚ್ಚರವಿಲ್ಲ, ಹಾಲಿಗೂ ನಾವೇ ಎಬ್ಬಿಸಬೇಕು. ಅತ್ತೆ "ಭಾಳ ಶಾಣ್ಯಾ ಕೂಸು, ಕಾಡಂಗಿಲ್ಲ" ಎಂದು ಬೀಗುತ್ತಿದ್ದರು. ಆ ಮೌನದಲ್ಲಿ ನಾವೂ ಹಾಯಾಗಿ ತೇಲುತ್ತಿದ್ದೆವು. ಕೊನೆಗೆ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದ ಡಾಕ್ಟರು ಥೈರಾಯ್ಡ್ ಕಡಿಮೆ ಇದೆ, ಕೂಸು ಅಳದೆ ಮಲಗಿಯೇ ಇರುವುದು ಅದಕ್ಕೇ ಎಂದರು. ನಾನು ಬಸುರಿಯಾಗಿದ್ದಾಗ ಮನೆಯಲ್ಲಿ ಯಾವ ಉಪ್ಪು ಬಳಸಿದಿರಿ ಎಂದೂ ಕೇಳಿದರು. ಅತ್ತೆ ತಲೆ ತಗ್ಗಿಸಿದರು. ಬೇಗಂ ಬಜಾರಿನಿಂದ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಚೀಲಗಟ್ಟಲೆ ತರಿಸುತ್ತಿದ್ದವರು ಅವರೇ.

ಎರಡು ವಾರದಿಂದ ಪ್ರತಿ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ, ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸುತ್ತಿರುವವರೂ ಅವರೇ.

ದೂರು ತಂದ ಹುಡುಗನ ಬಾಯಿಗೆ ಅತ್ತೆ ಉಂಡೆ ತುರುಕಿ ಕಳಿಸಿದರು. ಅವನು ಅತ್ತ ಹೋದೊಡನೆ, "ಅಳೋದು ಮಂದಿಗೆ ಕೇಳಿಸ್ತು. ಕೂಸಿಗೆ ದೃಷ್ಟಿ ಆಗತೈತಿ" ಎಂದು ಅದೇ ಕಲ್ಲುಪ್ಪನ್ನು ಮುಷ್ಟಿಯಲ್ಲಿ ಹಿಡಿದು ತಂದು ನಿವಾಳಿಸಿದರು.

ಅಡುಗೆಗೆ ಬೇಡವಾದ ಆ ಉಪ್ಪು ಇನ್ನೂ ಅರ್ಧ ಚೀಲ ಇದೆ. ನನ್ನ ಮಗಳು ಎಷ್ಟು ಬೇಕಾದರೂ ಅಳಬಹುದು.